ಶುಭ ಕೋರುವವರು

ಪಿಳ್ಳಮ್ಮನಿಗೆ ಒಂದು ಕಾಯಿಲೆಯಿತ್ತು. ಅಳಬೇಕಾದ ಕಡೆಯೆಲ್ಲ ಅವಳಿಗೆ ನಗು ಬರುತ್ತಿತ್ತು. ಸಾವಿನ ಮನೆಗೆ ಹೋಗುವಾಗ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡೇ ಹೊಸ್ತಿಲು ದಾಟುತ್ತಿದ್ದಳು. ಭುಜ ಕುಲುಕುವುದನ್ನು ನೋಡಿದವರು, ಪಾಪ, ದುಃಖ ತಡೆಯಲಾರದೆ ಒದ್ದಾಡುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು. ತೀರಿಹೋದ ಅವಳ ಅಕ್ಕನಿಗೂ ಇದೇ ಕಾಯಿಲೆ, ಅಕ್ಕನ ಮಗಳು ಶಶಿರೇಖಾಳಿಗೂ ಇದೇ ಕಾಯಿಲೆ. ಗಂಡನನ್ನು ಕೊಂದಿದ್ದಕ್ಕೆ ಜೀವಾವಧಿ ಶಿಕ್ಷೆ ಎಂದು ಕೋರ್ಟಿನಲ್ಲಿ ಓದಿದ ದಿನ ಕಟಕಟೆಯಲ್ಲಿದ್ದ ಶಶಿರೇಖಾ, ಬೆಂಚಿನಲ್ಲಿದ್ದ ಪಿಳ್ಳಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕುಬಿಟ್ಟಿದ್ದರು. ಈ ಹೆಂಗಸಿಗೆ ಪಶ್ಚಾತ್ತಾಪದ ಲವಲೇಶವೂ ಇಲ್ಲ ಎಂದು ಮಾರನೆಯ ದಿನ ಪೇಪರಿನಲ್ಲಿ ಬಂತು.

ಆ ಶಶಿರೇಖಾಳ ಫೋನು ಬಂದದ್ದು ಗುರುವಾರ ಬೆಳಿಗ್ಗೆ, ಪಿಳ್ಳಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯಲು ಕೂತಿದ್ದಾಗ.

"ಚಿಕ್ಕಮ್ಮ, ಹೈಕೋರ್ಟಿನೋರು ಇದ್ದಿದ್ದು ಸಾಕು ಅಂದವ್ರಂತೆ. ನಾಡಿದ್ದು ಶನಿವಾರ ಬಿಡ್ತಾರೆ."

ಹನ್ನೊಂದು ವರ್ಷದಿಂದ ಕಾದಿದ್ದ ಮಾತು. ಪಿಳ್ಳಮ್ಮ ಎಷ್ಟು ಜೋರಾಗಿ ನಕ್ಕಳೆಂದರೆ ಹಸು ಬೆದರಿ ಬಕೆಟ್ಟಿಗೆ ಒದ್ದಿತು. ಹಾಲೆಲ್ಲ ಚರಂಡಿಗೆ ಹೋಯಿತು. ಅವಳು ಅದನ್ನು ನೋಡಿಯೂ ನಕ್ಕಳು.

"ನಾನೇ ಬಂದು ಕರ್ಕೊಂಡು ಬರ್ತೀನಿ ಕಣವ್ವ."

"ಬ್ಯಾಡ. ಒಬ್ಬಳೇ ಬರ್ತೀನಿ. ಹೊಸಕೋಟೇಲಿ ಸೂಲಿಬೆಲೆ ಬಸ್ ಹತ್ತೀನಿ, ಟಿಕೆಟ್ಟೂ ಸೂಲಿಬೆಲೆಗೇ ತಗೋತೀನಿ. ಹೆಂಗೂ ಹೆಂಗಸರಿಗೆ ಫ್ರೀ ಅಂತಲ್ಲ ಈಗ."

"ಸೂಲಿಬೆಲೆಗೆ ಯಾಕೆ?"

"ನನ್ ಜೊತೆ ಒಳಗಿದ್ದೋಳೊಬ್ಬಳು ಅಲ್ಲಿ ಹೊಲಿಗೆ ಅಂಗಡಿ ಇಟ್ಟವಳೆ, ಬಾ ಅಂತವಳೆ." ಶಶಿರೇಖಾ ಮುಂದುವರಿಸಿದಳು. "ನೋಡು ಚಿಕ್ಕಮ್ಮ, ನಮ್ಮೂರ ಗೇಟಲ್ಲಿ ಪ್ರಮೋದಾ ನಿಂತಿದ್ರೆ ಇಳೀತೀನಿ. ಅವಳೂ ಬರ್ಲಿಲ್ಲ ಅಂದ್ರೆ ಊರು ನನ್ನ ಬಿಟ್ಟೈತೆ ಅಂತ ಅರ್ಥ. ಹಂಗೇ ಮುಂದಕ್ಕೆ ಹೋಗ್ತೀನಿ. ನನ್ ಮಗಳು ಅರ್ಪಿತನ್ನ ಅಲ್ಲಿಗೇ ಕಳ್ಸು, ನೋಡ್ತೀನಿ."

ಫೋನು ಕಟ್ಟಾಯಿತು. ಪಿಳ್ಳಮ್ಮನ ನಗುವೂ ನಿಂತಿತು. ಪ್ರಮೋದಾ ಗೇಟಿನಲ್ಲಿ ನಿಲ್ಲುವಂತಿರಲಿಲ್ಲ. ಪ್ರಮೋದಾ ಸತ್ತು ಐದು ವರ್ಷವಾಗಿತ್ತು, ಅದು ಶಶಿರೇಖಾಳಿಗೆ ಗೊತ್ತಿರಲಿಲ್ಲ, ಗೊತ್ತಾಗದಂತೆ ನೋಡಿಕೊಂಡವಳು ಸಾಕ್ಷಾತ್ ಪಿಳ್ಳಮ್ಮನೇ.

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಶಶಿರೇಖಾಳ ಗಂಡ ಚಿನ್ನಸ್ವಾಮಿ ಆರಡಿಯ ಆಳು. ಊರಿನವರಿಗೆಲ್ಲ ಒಳ್ಳೆಯವನು, ಮನೆಯೊಳಗೆ ಕಾಲಿಟ್ಟರೆ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ದಿನ ಕುಡಿದು ಬಂದು, ಐದು ವರ್ಷದ ಮಗಳು ಅರ್ಪಿತಳನ್ನು ನೀರಿನ ಸಂಪಿನ ಮೇಲೆ ತಲೆಕೆಳಗಾಗಿ ಹಿಡಿದು, ಬಿಡ್ಲಾ, ಬಿಡ್ಲಾ ಎಂದು ಆಟವಾಡಿದ. ಆಮೇಲೆ ಉಂಡು ಮಲಗಿದ. ಅವನು ಗೊರಕೆ ಹೊಡೆಯುವಾಗ ಶಶಿರೇಖಾ ಒರಳಿನಿಂದ ರುಬ್ಬುಗುಂಡು ಎತ್ತಿ ತಂದಳು. ಚಿನ್ನಸ್ವಾಮಿ ಮತ್ತೆ ಏಳಲಿಲ್ಲ.

ಪೊಲೀಸು ಜೀಪು ಬಂದಾಗ ಬೀದಿಯ ಬಾಗಿಲುಗಳೆಲ್ಲ ಮುಚ್ಚಿಕೊಂಡವು. ಒಬ್ಬಳೇ ಒಬ್ಬಳು, ಪಕ್ಕದ ಮನೆಯ ಪ್ರಮೋದಾ, ಜೀಪಿನ ಹಿಂದೆ ಓಡಿದಳು. ಬರಿಗಾಲಲ್ಲಿ ಹೋಗ್ತಿದೀಯಲ್ಲೇ ಎಂದು ತನ್ನ ಕಾಲಿನ ಚಪ್ಪಲಿ ಬಿಚ್ಚಿ ಒಳಗೆ ಎಸೆದಳು. ಆಮೇಲೆ ಕೋರ್ಟಿಗೆ ಬಂದು, ಚಿನ್ನಸ್ವಾಮಿ ಹೊಡೆಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಸಾಕ್ಷಿ ಹೇಳಿದವಳೂ ಊರಿಗೆಲ್ಲ ಅವಳೊಬ್ಬಳೇ.

ಆ ಕೇಸಾದ ಮೇಲೆ ಊರಿನ ಗಂಡಸರಿಗೆ ನಿದ್ದೆ ಹತ್ತಲಿಲ್ಲ. ಒಬ್ಬೊಬ್ಬರಾಗಿ ಎದ್ದು ತಂತಮ್ಮ ಮನೆಯ ರುಬ್ಬುಗುಂಡುಗಳನ್ನು ಹೊರಗೆ ಉರುಳಿಸಿದರು. ಬೀದಿಯಲ್ಲಿ ನಡೆಯುವವರು ಗುಂಡುಗಳನ್ನು ಎಡವಿ ಬೀಳುವಂತಾಯಿತು. ಹೊಸಕೋಟೆಯಲ್ಲಿ ಮಿಕ್ಸಿ ಮಾರುವವನು, ಇದೇನು ಈ ಊರಿನ ಗಂಡಸರಿಗೆ ಹೆಂಡಿರ ಮೇಲೆ ಇಷ್ಟು ಪ್ರೀತಿ ಉಕ್ಕಿದೆ ಎಂದು ಬೆರಗಾದನಂತೆ. ಕಲ್ಲಿನ ಚಟ್ನಿಯ ರುಚಿ ಹೋಯಿತೆಂದು ಬೊಚ್ಚುಬಾಯಿಯ ಮಾರಕ್ಕ ಇವತ್ತಿಗೂ ಶಾಪ ಹಾಕುತ್ತಾಳೆ.

ಅಂಥ ಊರಿನಲ್ಲಿ ಪ್ರಮೋದಾಳನ್ನು ಅವಳ ಗಂಡ ದೇವರಾಜ ಸೌದೆ ಸೀಳಿನಿಂದ ಹೊಡೆದು ಕೊಂದ. ಸಾರಿಗೆ ಉಪ್ಪು ಜಾಸ್ತಿ ಅಂದನಂತೆ, ನೀನೇ ಮಾಡ್ಕೊ ಅಂದಳಂತೆ, ಅಷ್ಟೇ. ಈ ಸಲ ಯಾರೂ ಏನನ್ನೂ ಹೊರಗೆ ಉರುಳಿಸಲಿಲ್ಲ. ಸೌದೆ ಇದ್ದ ಕಡೆಯೇ ಇತ್ತು, ಗಂಡಸರು ಚೆನ್ನಾಗಿ ನಿದ್ದೆ ಮಾಡಿದರು.

ಕೋರ್ಟು ಹೇಳಿದ್ದನ್ನು ಪಿಳ್ಳಮ್ಮ ವಕೀಲರಿಂದ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು. ದೇವರಾಜನದು ಎದುರೆದುರಿನ ಜಗಳ, ಕೈಗೆ ಸಿಕ್ಕ ಸೌದೆ, ಹಠಾತ್ ಕೋಪ. ಹಾಗಾಗಿ ಅದು ಕೊಲೆಯಲ್ಲ, ಕೊಲೆಗಿಂತ ಒಂದು ಮೆಟ್ಟಿಲು ಕೆಳಗೆ, ಮೂರು ವರ್ಷ. ಶಶಿರೇಖಾ ಗಂಡ ಮಲಗುವವರೆಗೆ ಕಾದಳು. ಕಾದಳೆಂದರೆ ಯೋಚಿಸಿದಳು, ಯೋಚಿಸಿದಳೆಂದರೆ ಕೊಲೆ, ಜೀವಾವಧಿ. ಆರಡಿಯ ಗಂಡಸು ಎದ್ದು ನಿಂತಿದ್ದಾಗ ಅವಳು ಅವನನ್ನು ಹೇಗೆ ಹೊಡೆಯಬೇಕಿತ್ತು ಎಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ದೇವರಾಜನಿಗೆ ಕಾಯುವ ತಾಪತ್ರಯವೇ ಇರಲಿಲ್ಲ, ಹೆಂಡತಿ ಅವನ ಭುಜದವರೆಗೂ ಬರುತ್ತಿರಲಿಲ್ಲ. ಶಶಿರೇಖಾ ಒಳಗಿರುವಾಗಲೇ ಅವನು ಒಳಗೆ ಹೋಗಿ, ಅದೇ ಜೈಲಿನ ಗಂಡಸರ ಕಡೆ ಇದ್ದು, ಹೊರಗೆ ಬಂದೂ ಬಿಟ್ಟ. ಇದನ್ನು ನೆನೆದಾಗಲೆಲ್ಲ ಪಿಳ್ಳಮ್ಮನಿಗೆ ಹೊಟ್ಟೆ ಉರಿಯುತ್ತಿತ್ತು, ಬಾಯಿಗೆ ಮಾತ್ರ ನಗುವೇ ಬರುತ್ತಿತ್ತು.

ಶಶಿರೇಖಾಳಿಗೆ ಯಾಕೆ ಹೇಳಲಿಲ್ಲ ಅಂದರೆ, ಹೇಳಿದ್ದರೆ ಅವಳು ಒಂದೇ ಅಂದುಕೊಳ್ಳುತ್ತಿದ್ದಳು: ನನ್ನ ಪರ ಸಾಕ್ಷಿ ಹೇಳಿದ್ದಕ್ಕೇ ಪ್ರಮೋದಾ ಸತ್ತಳು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ, ಸಾಕ್ಷಿ ಹೇಳಿ ಬಂದ ದಿನದಿಂದ ದೇವರಾಜ ಹೆಂಡತಿಯ ಮೇಲೆ ಹಲ್ಲು ಕಡಿಯುತ್ತಲೇ ಇದ್ದ. ಹಾಗಾಗಿ ಪ್ರತಿಸಲ ಫೋನಿನಲ್ಲಿ "ಪ್ರಮೋದಾ ಹೆಂಗವಳೆ" ಎಂದು ಕೇಳಿದಾಗ ಪಿಳ್ಳಮ್ಮ "ಚೆನ್ನಾಗವಳೆ" ಅನ್ನುತ್ತಿದ್ದಳು. ಬರೀ ಚೆನ್ನಾಗವಳೆ ಅಂದರೆ ಸಾಲುತ್ತದೆಯೇ. ಐದು ವರ್ಷದಲ್ಲಿ ಅವಳು ಪ್ರಮೋದಾಳಿಗೆ ಒಂದು ಸ್ಕೂಟಿ ಕೊಡಿಸಿದ್ದಳು, ಎರಡು ಸಲ ತಿರುಪತಿಗೆ ಕಳಿಸಿದ್ದಳು, ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿಸಿ ಸೂಪರ್‌ವೈಸರ್ ಮಾಡಿದ್ದಳು, ಈಚೆಗೆ ಸ್ವಲ್ಪ ದಪ್ಪಗೂ ಮಾಡಿದ್ದಳು. ಸತ್ತ ಹುಡುಗಿ ಪಿಳ್ಳಮ್ಮನ ಬಾಯಲ್ಲಿ ಬಹಳ ಸುಖವಾಗಿ ಬಾಳುತ್ತಿದ್ದಳು.

ಈಗ ಅವಳನ್ನು ಗೇಟಿಗೆ ತಂದು ನಿಲ್ಲಿಸುವುದು ಹೇಗೆ. ಪಿಳ್ಳಮ್ಮ ತಲೆಯ ಮೇಲೆ ಕೈ ಹೊತ್ತು ಕೊಟ್ಟಿಗೆಯ ಸೂರು ನೋಡಿದಳು. ಸೂರಿನಿಂದ ದೇವರಾಜ ಅವಳನ್ನು ನೋಡಿ ಕೈಮುಗಿಯುತ್ತಿದ್ದ.

ಅವನು ಬಿಡುಗಡೆಯಾಗಿ ಬಂದಾಗ ಹಾಕಿಸಿದ್ದ ಫ್ಲೆಕ್ಸು ಅದು. ಪಂಚಾಯ್ತಿ ಮೆಂಬರು ಕೆಂಪರಾಜ್ ಮುಂದೆ ನಿಂತು, ಗೇಟಿನಲ್ಲಿ ಈ ಫ್ಲೆಕ್ಸು ಕಟ್ಟಿಸಿ, ತಮಟೆ ಹೊಡೆಸಿ, ಜೆಸಿಬಿಯಿಂದ ಸೇಬಿನ ಹಾರ ಇಳಿಬಿಟ್ಟು ಅವನನ್ನು ಬರಮಾಡಿಕೊಂಡಿದ್ದ. 'ಯುವಕರ ಕಣ್ಮಣಿ, ಸರಳ ಸಜ್ಜನಿಕೆಯ ದೇವರಾಜಣ್ಣನವರಿಗೆ ಸುಸ್ವಾಗತ'. ಕೆಳಗೆ 'ಶುಭ ಕೋರುವವರು' ಎಂದು ಊರಿನ ಗಂಡಸರ ಮುಖಗಳ ಎರಡು ಸಾಲು. ಮಳೆಗಾಲಕ್ಕೆ ಅದು ಗಾಳಿಗೆ ಕಿತ್ತು ಬಂದು ಪಿಳ್ಳಮ್ಮನ ಅಂಗಳಕ್ಕೆ ಬಿತ್ತು, ಕೊಟ್ಟಿಗೆ ಸೋರುತ್ತಿತ್ತು, ಅವಳು ಎಳೆದು ಹೊದಿಸಿದ್ದಳು. ಹಸುವಿಗೇನೂ ತಕರಾರಿರಲಿಲ್ಲ.

ಪಿಳ್ಳಮ್ಮ ಆ ಸಾಲು ಮುಖಗಳನ್ನು ನೋಡುತ್ತಾ ಹೋದಳು. ಮೂರನೆಯವನು ಮಂಜೇಶ. ಅವನು ಆವತ್ತು ದುಬೈಯಲ್ಲಿದ್ದ. ಊರಲ್ಲೇ ಇಲ್ಲದವನು ಗೇಟಿನಲ್ಲಿ ನಿಂತು ನಗುತ್ತಾ ಶುಭ ಕೋರಿದ್ದ, ಯಾರೂ ಅದನ್ನು ಸುಳ್ಳು ಅನ್ನಲಿಲ್ಲ.

ಅಲ್ಲಿಗೆ ಪಿಳ್ಳಮ್ಮನ ಕಾಯಿಲೆ ಮರುಕಳಿಸಿತು. ಅವಳು ಹಸುವಿನ ಬೆನ್ನಿಗೆ ಹಣೆ ಒತ್ತಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಕಾಲು ತೊಳೆದುಕೊಂಡು ಸೊಣ್ಣಮ್ಮನ ಮನೆಗೆ ಹೊರಟಳು. ಸೊಣ್ಣಮ್ಮ ಪ್ರಮೋದಾಳ ತಾಯಿ, ಅದೇ ಊರಿನವಳು. ಕಣ್ಣೆದುರಿಗೇ ಇರಲಿ ಎಂದು ಮಗಳನ್ನು ಊರಲ್ಲೇ ಕೊಟ್ಟಿದ್ದಳು.

ಅವರೆಕಾಯಿಯ ಕಾಲ. ಸೊಣ್ಣಮ್ಮ ಜಗುಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಪಿಳ್ಳಮ್ಮ ಎದುರಿಗೆ ಕೂತು ತಾನೂ ಒಂದು ಹಿಡಿ ತೆಗೆದುಕೊಂಡು ಹಿತುಕುತ್ತಾ, ಫೋನು ಬಂದದ್ದು, ಶಶಿರೇಖಾ ಹೇಳಿದ್ದು, ತಾನು ಐದು ವರ್ಷ ಹೇಳಿದ ಸುಳ್ಳು, ಸ್ಕೂಟಿ, ತಿರುಪತಿ ಎಲ್ಲವನ್ನೂ ಒಪ್ಪಿಸಿದಳು. ಕೊನೆಗೆ ಫ್ಲೆಕ್ಸಿನ ಮಾತು. ಸತ್ತ ಮಗಳ ಫೋಟೊ ಕೊಡು, ಬದುಕಿರುವವಳ ಹಾಗೆ ನಿಲ್ಲಿಸುತ್ತೇನೆ ಎಂದು ಹೆತ್ತವಳನ್ನು ಕೇಳುವುದು ಹುಡುಗಾಟವೇ.

ಸೊಣ್ಣಮ್ಮ ಕಾಳು ಹಿತುಕುತ್ತಲೇ ಇದ್ದಳು. ಹಾಗೆ ಹಿತುಕುವಾಗ ಒಂದು ಬೇಳೆ ಸಿಡಿದು ನೇರವಾಗಿ ಪಿಳ್ಳಮ್ಮನ ಮೂಗಿಗೆ ಅಂಟಿಕೊಂಡಿತು. ಇಬ್ಬರೂ ಅದನ್ನು ನೋಡಿದರು, ಪಿಳ್ಳಮ್ಮ ಕಣ್ಣು ಓರೆ ಮಾಡಿಕೊಂಡು. ಮೊದಲು ನಕ್ಕವಳು ಸೊಣ್ಣಮ್ಮ. ಮಗಳು ಹೋದ ಮೇಲೆ ಅವಳು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

"ಸೂಪರ್‌ವೈಸರ್ ಮಾಡಿದ್ಯಾ ಅವಳ್ನ," ಎಂದು ಸೊಣ್ಣಮ್ಮ ಕಣ್ಣೊರೆಸಿಕೊಂಡಳು. "ಲೆಕ್ಕ ಬರ್ತಿರ್ಲಿಲ್ಲ ಕಣೇ ಪಿಳ್ಳಕ್ಕ ಅದಕ್ಕೆ."

"ಕಲಿಸ್ದೆ ಬಿಡು."

"ಅವಳಿಗೆ ಒಂದು ಶ್ರದ್ಧಾಂಜಲಿ ಫ್ಲೆಕ್ಸೂ ಹಾಕ್ಲಿಲ್ಲ ನಾನು. ಕೇಸು ನಡೀತೈತೆ, ಕೆದಕ್ಬ್ಯಾಡ ಅಂದ್ರು. ಕೇಸು ಮುಗೀತು, ಇನ್ಯಾಕೆ ಅಂದ್ರು." ಅವಳು ಎದ್ದು ಒಳಗೆ ಹೋಗಿ ಫೋಟೊ ತಂದಳು. "ಹಾರ ಹಾಕ್ಬಾರ್ದು, ನೆನಪಿರ್ಲಿ. ಹಾರ ಕಂಡ್ರೆ ಶಶಿಗೆ ಗೊತ್ತಾಗೋಗ್ತದೆ, ಬಸ್ಸಿಂದ ಇಳಿಯಲ್ಲ ಅದು."

ಮಾರನೆಯ ದಿನ ಹೊಸಕೋಟೆಗೆ ಹೊರಟವರು ನಾಲ್ವರು: ಪಿಳ್ಳಮ್ಮ, ಸೊಣ್ಣಮ್ಮ, ಸುದ್ದಿ ತಿಳಿದು ತಾನಾಗಿಯೇ ಬಂದು ಬಸ್ಸು ಹತ್ತಿದ ಮಾರಕ್ಕ, ಮತ್ತು ಈಗ ಕಾಲೇಜಿಗೆ ಹೋಗುವ ಅರ್ಪಿತ. ಫ್ಲೆಕ್ಸಿಗೆ ಮುಖ ಬೇಕಲ್ಲ ಎಂದು ಅರ್ಪಿತ ಹಿಂದಿನ ಸಂಜೆ ಹಾಲಿನ ಡೈರಿಯಲ್ಲಿ ಹೆಂಗಸರ ಫೋಟೊ ಕೇಳಿದ್ದಳು. ಕೆಲವರು ನಮ್ಮನೆಯವರು ಬೈತಾರೆ ಎಂದು ಜಾರಿಕೊಂಡರು. ಕೊಟ್ಟವರೆಲ್ಲ ಕೊಟ್ಟದ್ದು ಆಧಾರ್ ಕಾರ್ಡು.

ಫ್ಲೆಕ್ಸು ಅಂಗಡಿಯ ಅಶೋಕ್ ಕಂಪ್ಯೂಟರಿನ ಮುಂದೆ ಕೂತು ಆ ಫೋಟೊಗಳನ್ನು ಒಂದೊಂದಾಗಿ ನೋಡಿದ. "ಅಮ್ಮಾ, ಇವರಲ್ಲಿ ಜೈಲಿಂದ ಬರ್ತಿರೋರು ಯಾರು?"

ಅದರಲ್ಲಿ ತಪ್ಪು ಅವನದಲ್ಲ. ಆಧಾರ್ ಫೋಟೊದಲ್ಲಿ ಎಲ್ಲರೂ ಕೈದಿಗಳೇ. ಮಾರಕ್ಕನ ಫೋಟೊ ನೋಡಿದರಂತೂ ಇವಳು ಕನಿಷ್ಠ ನಾಲ್ಕು ಜನರನ್ನು ಮುಗಿಸಿರಬೇಕು ಅನ್ನಿಸುತ್ತಿತ್ತು. ಪಿಳ್ಳಮ್ಮ ಅಂಗಡಿಯ ಬಾಗಿಲಿಗೆ ಒರಗಿ ನಕ್ಕಳು, ಅವಳನ್ನು ನೋಡಿ ಅರ್ಪಿತ ನಕ್ಕಳು. ಕಾಯಿಲೆ ಮೂರನೆಯ ತಲೆಮಾರಿಗೂ ಇಳಿದಿತ್ತು. "ನಂಗೆ ಹಲ್ಲು ಹಾಕಿ ಕೊಡಪ್ಪ," ಎಂದು ಮಾರಕ್ಕ ಕೇಳಿದಳು. ಅಶೋಕ್ ಯಾರೋ ಮದುಮಗಳ ಫೋಟೊದಿಂದ ಹಲ್ಲು ತೆಗೆದು ಕೂರಿಸಿದ.

"ಯಾವ ಡಿಸೈನು?" ಎಂದು ಕೇಳಿದ ಅವನು. "ಹೆಂಗಸ್ರದ್ದು ಅಂದ್ರೆ ನಮ್ಮತ್ರ ಮದುವೆ, ಸೀಮಂತ, ಶ್ರದ್ಧಾಂಜಲಿ ಅಷ್ಟೇ ಇರೋದು."

"ಗಂಡಸ್ರು ಊರಿಗೆ ವಾಪಸ್ ಬಂದ್ರೆ ಯಾವ್ದು ಹಾಕ್ತೀಯ?"

"ಅದು ಹುಲಿ."

"ಅದೇ ಹಾಕು."

ಹುಲಿಯ ಮುಂದೆ ಶಶಿರೇಖಾಳನ್ನು ನಿಲ್ಲಿಸುವುದು ಸುಲಭವಾಗಲಿಲ್ಲ. ಅವಳದ್ದು ಅಂತ ಇದ್ದದ್ದು ಮದುವೆಯ ಫೋಟೊ ಒಂದೇ, ಪಕ್ಕದಲ್ಲಿ ಚಿನ್ನಸ್ವಾಮಿ. ಅಶೋಕ್ ಮೌಸಿನಿಂದ ಗಂಡನನ್ನು ಸುತ್ತ ಕತ್ತರಿಸಿ ತೆಗೆದ. ಗಂಡ ಹೋದ, ಶಶಿರೇಖಾಳ ಭುಜದ ಮೇಲಿದ್ದ ಅವನ ಕೈ ಮಾತ್ರ ಉಳಿಯಿತು. ನಾಲ್ವರೂ ಆ ಕೈಯನ್ನು ನೋಡುತ್ತಾ ನಿಂತರು.

"ಅದನ್ನೂ ತೆಗಿ," ಅಂದಳು ಪಿಳ್ಳಮ್ಮ.

"ಕಷ್ಟ ಅಮ್ಮಾ. ತೆಗೆದ್ರೆ ಸೀರೆ ಹರಿದಂಗೆ ಕಾಣುತ್ತೆ. ಬಿಟ್ಬಿಡಿ, ದೂರದಿಂದ ಗೊತ್ತಾಗಲ್ಲ."

"ಆ ಕೈ ತೆಗೆಯೋಕೆ ಅವಳಿಗೆ ಹನ್ನೊಂದು ವರ್ಷ ಹಿಡಿತಪ್ಪ. ನೀನು ಒಂದರ್ಧ ಗಂಟೆ ತಗೋ, ಪರವಾಗಿಲ್ಲ. ಕಾಯ್ತೀವಿ."

ಅಶೋಕ್ ಮತ್ತೆ ಮೌಸು ಹಿಡಿದು, ಭುಜದ ಮೇಲಿನ ಒಂದೊಂದೇ ಬೆರಳನ್ನು ಅಳಿಸಿ ಅಲ್ಲೆಲ್ಲ ಸೀರೆಯ ಬಣ್ಣ ತುಂಬಿದ. ಪಿಳ್ಳಮ್ಮ ಅವನ ಬೆನ್ನ ಹಿಂದೆ ನಿಂತು ಕೊನೆಯ ಬೆರಳಿನವರೆಗೂ ನೋಡಿದಳು.

ಕೊನೆಗೆ ಸೊಣ್ಣಮ್ಮ ಮಗಳ ಫೋಟೊ ಕೊಟ್ಟಳು. ಅಶೋಕ್ ಅದನ್ನು ನೋಡಿ, ಇವರು ಇದ್ದಾರಾ ಇಲ್ಲವಾ ಎಂದು ಮೆಲ್ಲಗೆ ಕೇಳಿದ. ಇಲ್ಲದವರಿಗೆ ಹಾರ, ದೀಪ ಹಾಕುವುದು ಕಸುಬಿನ ಪದ್ಧತಿ.

"ಶುಭ ಕೋರೋರಲ್ಲಿ ಹಾಕು," ಅಂದಳು ಸೊಣ್ಣಮ್ಮ. "ಉಳಿದೋರು ನಿಂಬೆಹಣ್ಣಿನಷ್ಟಿರ್ಲಿ. ಇವಳು ತಟ್ಟೆಯಷ್ಟು ದೊಡ್ಡದಿರ್ಲಿ. ಬಸ್ಸಿನ ಕಿಟಕಿಯಿಂದ ಕಾಣ್ಬೇಕು."

ಮೇನ್‌ರೋಡಿನಿಂದ ಊರಿಗೆ ತಿರುಗುವ ಜಾಗಕ್ಕೆ ಈ ಕಡೆ ಗೇಟು ಅನ್ನುತ್ತಾರೆ. ಅಲ್ಲಿ ಗೇಟೂ ಇಲ್ಲ, ಬಾಗಿಲೂ ಇಲ್ಲ, ಎರಡು ಕಬ್ಬಿಣದ ಕಂಬ ಮತ್ತು ಒಂದು ಟೀ ಅಂಗಡಿ ಇದೆ. ಶನಿವಾರ ಬೆಳಿಗ್ಗೆ ಹಾಲು ಹಾಕಿ ಬಂದ ಹೆಂಗಸರು ಆ ಕಂಬಗಳಿಗೆ ಫ್ಲೆಕ್ಸು ಕಟ್ಟಿದರು. ಮೊದಲ ಸಲ ತಲೆಕೆಳಗಾಗಿ ಕಟ್ಟಿದರು, ಹುಲಿ ಆಕಾಶಕ್ಕೆ ಕಾಲು ಚಾಚಿತು, ಬಿಚ್ಚಿ ಮತ್ತೆ ಕಟ್ಟಿದರು. 'ಸರಳ ಸಜ್ಜನಿಕೆಯ ಶಶಿರೇಖಾ ಅವರಿಗೆ ಹುಟ್ಟೂರಿಗಿಂತ ಹೆಚ್ಚಿನ ಊರಿಗೆ ಸುಸ್ವಾಗತ'. ಮಾತು ಅರ್ಪಿತಳದು. ಅರ್ಥ ಸ್ವಲ್ಪ ಅತ್ತಿತ್ತ ಆಗಿದ್ದರೂ ಹುಲಿಯ ಪಕ್ಕ ಚೆನ್ನಾಗಿ ಕಾಣುತ್ತಿತ್ತು. ಶುಭ ಕೋರುವವರ ಸಾಲಿನ ನಡುವೆ ಪ್ರಮೋದಾ, ಹಾರವಿಲ್ಲದೆ, ತಟ್ಟೆಯಷ್ಟು ದೊಡ್ಡ ಮುಖದಲ್ಲಿ ನಗುತ್ತಿದ್ದಳು. ಪಿಳ್ಳಮ್ಮನ ಕೈಯಲ್ಲಿ ಶಶಿರೇಖಾಳಿಗೆಂದು ತಂದ ಸೇವಂತಿಗೆಯ ಹಾರವಿತ್ತು. ಜೆಸಿಬಿ ಒಂದಿರಲಿಲ್ಲ, ಅಷ್ಟೇ ಕೊರತೆ.

ಸುದ್ದಿ ಊರೊಳಗೆ ಹೋಗಲು ಎಷ್ಟು ಹೊತ್ತು. ಕೆಂಪರಾಜ್ ಬಂದ, ಅವನ ಹಿಂದೆ ಹೆಗಲಿಗೆ ಏಣಿ ಹೊತ್ತು ದೇವರಾಜ ಬಂದ.

"ಯಾರನ್ನ ಕೇಳಿ ಕಟ್ಟಿದ್ರಿ ಇದನ್ನ?" ಎಂದ ಕೆಂಪರಾಜ್. "ಪಂಚಾಯ್ತಿ ಪರ್ಮಿಶನ್ ಐತಾ?"

"ದೇವರಾಜನ ಫ್ಲೆಕ್ಸಿಗೆ ಇತ್ತೇನಪ್ಪ?" ಎಂದಳು ಪಿಳ್ಳಮ್ಮ.

"ಅದು ಬ್ಯಾರೆ."

"ಹೌದಪ್ಪ. ಅವನದ್ದು ಯಾವಾಗ್ಲೂ ಬ್ಯಾರೆನೇ."

ಮಾರಕ್ಕ ಕಿಸಕ್ಕೆಂದಳು. ಒಬ್ಬಳು ನಕ್ಕರೆ ಉಳಿದವರು ಸುಮ್ಮನಿರುತ್ತಾರೆಯೇ. ದೇವರಾಜನ ಮುಖ ಕೆಂಪಾಯಿತು. ಅವನು ಫ್ಲೆಕ್ಸನ್ನು ಸರಿಯಾಗಿ ನೋಡಿಯೂ ಇರಲಿಲ್ಲ, ಸೊಂಟದಿಂದ ಕುಡುಗೋಲು ತೆಗೆದು, ಕಂಬಕ್ಕೆ ಏಣಿ ಒರಗಿಸಿ ಸರಸರ ಹತ್ತಿದ. ಹಗ್ಗಕ್ಕೆ ಕೈ ಹಾಕಬೇಕು, ಪಕ್ಕದಲ್ಲಿ ಯಾರೋ ನೋಡಿದಂತಾಯಿತು. ತಿರುಗಿದ. ಒಂದು ಗೇಣು ದೂರದಲ್ಲಿ ಪ್ರಮೋದಾ ಅವನನ್ನೇ ನೋಡಿ ನಗುತ್ತಿದ್ದಳು.

ದೇವರಾಜನ ಕೈ ಅಲ್ಲೇ ನಿಂತಿತು. ಐದು ವರ್ಷದಿಂದ ಆ ಮುಖ ಊರಲ್ಲಿ ಎಲ್ಲಿಯೂ ಇರಲಿಲ್ಲ, ಅವನ ಮನೆಯ ಗೋಡೆಯ ಮೇಲಂತೂ ಇರಲೇ ಇಲ್ಲ. ಮೇಲಕ್ಕೂ ಹೋಗದೆ, ಕೆಳಕ್ಕೂ ಇಳಿಯದೆ, ಕುಡುಗೋಲು ಎತ್ತಿಕೊಂಡೇ ಅವನು ಏಣಿಯ ಮೇಲೆ ಉಳಿದುಬಿಟ್ಟ. "ಕುಯ್ಯೋ ದೇವರಾಜ," ಎಂದು ಕೆಂಪರಾಜ್ ಕೆಳಗಿನಿಂದ ಕೂಗಿದ. ದೇವರಾಜ ಕುಯ್ಯಲಿಲ್ಲ.

ಆಗಲೇ ಬಸ್ಸು ಬಂತು.

ಬಸ್ಸು ನಿಂತಿತು. ಯಾರೋ ಇಬ್ಬರು ಇಳಿದರು, ಅವಳಲ್ಲ. ಕಂಡಕ್ಟರು ಶಿಳ್ಳೆಗೆ ಬಾಯಿ ಹಾಕಿದ. ನಡುವಿನ ಕಿಟಕಿಯಲ್ಲಿ ಬಿಳಿಗೂದಲಿನ ಒಂದು ಮುಖ ಫ್ಲೆಕ್ಸಿನ ಮೇಲಿನಿಂದ ಕೆಳಗೆ, ಹುಲಿಯಿಂದ ಶುಭ ಕೋರುವವರ ತನಕ ಓದುತ್ತಾ ಬಂದು ಒಂದು ಕಡೆ ನಿಂತಿತು, ಮತ್ತೆ ದೊಡ್ಡದಾಗಿ ನಕ್ಕಿತು. ಆ ನಗುವನ್ನು ಪಿಳ್ಳಮ್ಮ ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದಳು. "ತಡೀರಿ ಸಾರ್, ಇಳೀಬೇಕು," ಎಂಬ ಕೂಗು ಕೇಳಿತು.

ಶಶಿರೇಖಾ ಚೀಲ ಹಿಡಿದು ಇಳಿದಳು. ಅರ್ಪಿತ ಓಡಿಹೋಗಿ ಅ‌ವಳನ್ನು ಅಪ್ಪಿಕೊಂಡಳು, ತಾಯಿ ಮಗಳು ನಗುತ್ತಲೇ ಒಬ್ಬರನ್ನೊಬ್ಬರು ಮುಟ್ಟಿ ಮುಟ್ಟಿ ನೋಡಿದರು. ಹುಲಿ ಹಾಕ್ಸಿದೀರಾ, ಎಂದು ಶಶಿರೇಖಾ ನಕ್ಕಳು. ಮಾರಕ್ಕನಿಗೆ ಹಲ್ಲು ಬಂದೈತೆ, ಎಂದು ನಕ್ಕಳು. ಆಮೇಲೆ ಎಲ್ಲರ ತಲೆಗಳ ಮೇಲಿಂದ ಹುಡುಕಿದಳು.

"ಎಲ್ಲಿ ಪ್ರಮೋದಾ? ನೋಡ್ಲಿ ಅಂತ ಅವಳ ಚಪ್ಪಲಿನೇ ಹಾಕ್ಕೊಂಡು ಬಂದೆ. ಜೈಲಿಗೆ ಹೋಗೋವಾಗ ತೆಗೆದಿಟ್ಟಿದ್ರು, ಬರೋವಾಗ ವಾಪಸ್ ಕೊಟ್ರು."

ಎಲ್ಲರೂ ಅವಳ ಕಾಲು ನೋಡಿದರು. ಹಳೆಯ ಹವಾಯಿ ಚಪ್ಪಲಿ, ಒಂದರ ಪಟ್ಟಿಗೆ ಪಿನ್ನು ಚುಚ್ಚಿತ್ತು. ಆ ಪಿನ್ನು ಚುಚ್ಚಿದವಳು ಪ್ರಮೋದಾ. ಸೊಣ್ಣಮ್ಮ ಬಗ್ಗಿ ಆ ಚಪ್ಪಲಿಯನ್ನು ಮುಟ್ಟಿದಳು, ಮತ್ತೆ ಮೇಲೇಳಲಿಲ್ಲ.

ಶಶಿರೇಖಾ ಸೊಣ್ಣಮ್ಮನನ್ನು ನೋಡಿದಳು. ಪಿಳ್ಳಮ್ಮನನ್ನು ನೋಡಿದಳು. ಪಿಳ್ಳಮ್ಮ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು. ಅವಳು ಹಾಗೆ ಮಾಡುವುದು ಎಂಥ ಹೊತ್ತಿನಲ್ಲಿ ಎಂಬುದು ಶಶಿರೇಖಾಳಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು.

"ಯಾವಾಗ ಚಿಕ್ಕಮ್ಮ?"

"ಐದು ವರ್ಷ ಆಯ್ತು ಕಣವ್ವ."

ಯಾರು ಎಂದು ಅವಳು ಕೇಳಲಿಲ್ಲ. ಕತ್ತೆತ್ತಿ ಏಣಿಯ ಮೇಲಿದ್ದವನನ್ನು ನೋಡಿದಳು. "ಇವನ್ಯಾಕೆ ಇಲ್ಲವನೆ ಮತ್ತೆ?"

"ಮೂರು ವರ್ಷ ಕೊಟ್ಟಿದ್ರು," ಎಂದಳು ಮಾರಕ್ಕ. "ಮುಗಿಸ್ಕೊಂಡು ಬಂದ. ಕೋಪ ಬಂದಿತ್ತಂತೆ."

"ಕೋಪ ಬಂದಿತ್ತಂತೆ," ಎಂದಳು ಶಶಿರೇಖಾ. ಅವಳ ಬಾಯಿಯ ಅಂಚು ಅದುರಿತು. "ನಂಗೂ ಬಂದಿತ್ತು. ಎಬ್ಬಿಸಿ ಹೊಡೀಬೇಕಾಗಿತ್ತು ಚಿಕ್ಕಮ್ಮ. ಗೊತ್ತಾಗ್ಲಿಲ್ಲ ನಂಗೆ."

ಪಿಳ್ಳಮ್ಮನ ಬಾಯಿಂದ ಸೆರಗು ಜಾರಿತು. ಇಬ್ಬರೂ ನಕ್ಕರು, ಕೋರ್ಟಿನಲ್ಲಿ ನಕ್ಕ ಹಾಗೇ. ಎಬ್ಬಿಸಿ ಹೊಡೀಬೇಕಾಗಿತ್ತು ಎಂದು ಹೇಳಿ ಹೇಳಿ ನಕ್ಕರು. ಮಾರಕ್ಕ ನಕ್ಕಳು, ಹಾಲಿನ ಕ್ಯಾನು ಹಿಡಿದು ನಿಂತಿದ್ದ ಹೆಂಗಸರು ನಕ್ಕರು, ನೆಲದಲ್ಲಿ ಕೂತಿದ್ದ ಸೊಣ್ಣಮ್ಮ ಅಳುತ್ತಾ ನಕ್ಕಳು. ಬಸ್ಸಿನ ಕಿಟಕಿಗಳಲ್ಲಿ ತಲೆಗಳು ತುಂಬಿದವು. ದೇವರಾಜನ ಕಾಲಡಿಯ ಏಣಿ ಗಡಗಡ ಸದ್ದು ಮಾಡತೊಡಗಿತು. ಕೆಂಪರಾಜ್ ಯಾವುದೋ ಫೋನು ಬಂದವನಂತೆ ಕಿವಿಗೆ ಮೊಬೈಲು ಇಟ್ಟುಕೊಂಡು ಟೀ ಅಂಗಡಿಯ ಹಿಂದಕ್ಕೆ ಸರಿದ.

ಶಶಿರೇಖಾ ಏಣಿಯ ಬುಡಕ್ಕೆ ಹೋದಳು.

"ಇಳಿ ದೇವರಾಜ. ಆ ಕುಡುಗೋಲು ಕೆಳಕ್ಕೆ ಬಿಸಾಕಿ ನಿಧಾನಕ್ಕೆ ಇಳಿ. ಎಚ್ಚರ ಇರೋರನ್ನ ನಾನೇನೂ ಮಾಡಲ್ಲ."

ಕುಡುಗೋಲು ಮಣ್ಣಿಗೆ ಬಿತ್ತು. ಅವನು ಇಳಿದು, ಅವಳನ್ನು ನೋಡದೆ ಹೊರಟ.

"ಎಲ್ಲಿಗೋಯ್ತೀಯ? ಏಣಿ ಹಿಡ್ಕೋ. ನಾನು ಹತ್ಬೇಕು."

ಬಸ್ಸು ತುಂಬ ಜನ ನೋಡುತ್ತಿದ್ದರು. ದೇವರಾಜ ಎರಡೂ ಕೈಯಲ್ಲಿ ಏಣಿ ಹಿಡಿದ. ಶಶಿರೇಖಾ ಚಪ್ಪಲಿ ಬಿಚ್ಚಿ ಸೊಣ್ಣಮ್ಮನ ಮಡಿಲಿಗೆ ಇಟ್ಟಳು. ತನ್ನ ಕೊರಳಿಗೆ ಹಾಕಬೇಕೆಂದು ಪಿಳ್ಳಮ್ಮ ಹಿಡಿದಿದ್ದ ಸೇವಂತಿಗೆಯ ಹಾರವನ್ನು ತೆಗೆದುಕೊಂಡು ತಾನೇ ಮೇಲೆ ಹತ್ತಿದಳು. ಹಾರದ ಎರಡು ತುದಿಗಳನ್ನು ಫ್ಲೆಕ್ಸಿಗೆ ಸಿಕ್ಕಿಸಿ ಆ ತಟ್ಟೆಯಷ್ಟು ದೊಡ್ಡ ಮುಖದ ಸುತ್ತ ಇಳಿಬಿಟ್ಟಳು. ಹೂವು ಸರಿಮಾಡಲು ಅವಳು ಬಹಳ ಹೊತ್ತು ತೆಗೆದುಕೊಂಡಳು. ಈಗ ಯಾರೂ ನಗುತ್ತಿರಲಿಲ್ಲ. ಪಿಳ್ಳಮ್ಮನಿಗೆ, ಜೀವಮಾನದಲ್ಲಿ ಮೊದಲ ಸಲ ಇರಬೇಕು, ಅಳಬೇಕಾದ ಕಡೆ ಅಳು ಬಂತು. ಜೊತೆಗೆ ಹೆದರಿಕೆಯೂ ಬಂತು. ಇವಳು ಕೇಳಿದ್ದು ಗೇಟಿನಲ್ಲಿ ಪ್ರಮೋದಾ ಇರಬೇಕೆಂದು. ಪ್ರಮೋದಾ ಇಲ್ಲವೆಂದು ಈಗ ಗೊತ್ತಾಯಿತು. ಬಸ್ಸು ಇನ್ನೂ ಹೋಗಿರಲಿಲ್ಲ, ಚೀಲ ನೆಲದ ಮೇಲಿತ್ತು.

ಕಂಡಕ್ಟರು ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದ. "ಅಮ್ಮಾ, ನಿಮ್ದು ಸೂಲಿಬೆಲೆ ಟಿಕೆಟ್ಟಲ್ವಾ? ಬರ್ತೀರಾ?"

ಶಶಿರೇಖಾ ಏಣಿಯ ಮೇಲಿಂದಲೇ ತಿರುಗಿ ನೋಡಿದಳು.

"ಇಲ್ಲ ಸಾರ್, ನೀವು ಹೊರಡಿ," ಅಂದಳು. "ಪ್ರಮೋದಾ ನಿಂತವಳೆ."

ಬಸ್ಸು ಸೂಲಿಬೆಲೆ ಕಡೆಗೆ ಹೊರಟಿತು. ಅವಳು ಇಳಿಯುವವರೆಗೂ ದೇವರಾಜ ಏಣಿ ಹಿಡಿದುಕೊಂಡೇ ನಿಂತಿದ್ದ.